ಬಿಟ್ಟಾಗ ಬರುವ ನೋವು

"ಡಾಕ್ಟ್ರಮ್ಮ, ಮಾತು ಬ್ಯಾಡ. ಇಕ್ಕಳ ತಗೀರಿ, ಹಲ್ಲು ಕೀಳ್ರಿ."

ಬಾದನಹಟ್ಟಿಯ ಚಂದ್ರಣ್ಣನ ಬೆನ್ನು ಕುರ್ಚಿಗೆ ಇನ್ನೂ ತಾಗಿರಲಿಲ್ಲ, ಅಷ್ಟರಲ್ಲೇ ಅವನ ತೀರ್ಪು ಬಂದಿತ್ತು. ಐವತ್ತು ದಾಟಿದ ಗಟ್ಟಿ ಆಳು. ಇಸ್ತ್ರಿ ಮಾಡಿದ ಬಿಳಿ ಅಂಗಿ, ಏನೋ ತುಂಬಿಕೊಂಡು ಉಬ್ಬಿದ ಎದೆಯ ಜೇಬು. ಅವನ ಹಿಂದೆಯೇ ಒಳಗೆ ಬಂದ ಹೆಂಡತಿ ಉಚ್ಚೆಂಗೆಮ್ಮ ಸ್ಟೂಲ್ ಎಳೆದುಕೊಂಡು ಕೂತಳು. ಎಲೆ-ಅಡಿಕೆಯ ಚೀಲವನ್ನು ತೊಡೆಯ ಮೇಲಿಟ್ಟು, ನಾಟಕ ನೋಡಲು ಬಂದವಳಂತೆ ಸೆರಗು ಸರಿಮಾಡಿಕೊಂಡಳು.

ಹುಮೇರಾ ಮುಖಗವಸಿನ ಹಿಂದೆ ಒಣಗಿದ ತುಟಿಯನ್ನು ನಾಲಿಗೆಯಿಂದ ಸವರಿಕೊಂಡಳು. ಕುರುಗೋಡಿನಲ್ಲಿ ಹಲ್ಲಿನ ದವಾಖಾನೆ ತೆರೆದು ಒಂದು ಮಳೆಗಾಲ ಕಳೆದಿತ್ತಷ್ಟೆ. ಅಷ್ಟರಲ್ಲೇ ಊರು ಅವಳಿಗೆ ಹೆಸರಿಟ್ಟಾಗಿತ್ತು, ಮಾತಾಡದ ಡಾಕ್ಟ್ರಮ್ಮ ಅಂತ. ಹೆಸರಿನಲ್ಲಿ ಸುಳ್ಳೇನೂ ಇರಲಿಲ್ಲ. ಹಲ್ಲಿನ ವೈದ್ಯಕೀಯವನ್ನೇ ಯಾಕೆ ಓದಿದೆ ಎಂದು ಯಾರಾದರೂ ಕೇಳಿದರೆ ಅವಳು ನಕ್ಕು ಸುಮ್ಮನಾಗುತ್ತಿದ್ದಳು. ಎದುರಿನವರ ಬಾಯಿ ತೆರೆದೇ ಇರುತ್ತದೆ, ಅವರು ತಿರುಗಿ ಮಾತಾಡುವಂತಿಲ್ಲ ಎಂಬ ನಿಜವಾದ ಕಾರಣವನ್ನು ಹೇಗೆ ಹೇಳುವುದು?

"ಯಾವ ಹಲ್ಲು, ಕಾಕಾ?"

"ಎಡಕ್ಕ, ಮ್ಯಾಲಿಂದು. ಸಂದಿ ಐತಲ್ಲ, ಅದರ ಮುಂದಿಂದು."

"ಸಂದ್ಯಾಗಿದ್ದ ಹಲ್ಲು ಏನಾತು?"

"ಬ್ಯಾಸಿಗ್ಯಾಗ ಕೀಳಿಸೀನಿ. ಇದೇ ನೋವಿಗೆ."

"ನೋವು ಹೋತೇನು?"

ಉಚ್ಚೆಂಗೆಮ್ಮ ಬಾಯಿಗೆ ಸೆರಗು ಅಡ್ಡ ಹಿಡಿದಳು. "ಹಲ್ಲು ಹೋತವ್ವಾ. ನೋವು ನಮ್ಮ ಮನ್ಯಾಗ ಬೀಗರು ಬಂದಂಗ ಕುಂತೈತಿ, ಏಳವಲ್ದು."

"ನೀ ಸುಮ್ನ ಕುಂದ್ರು," ಅಂದ ಚಂದ್ರಣ್ಣ.

ಹುಮೇರಾ ಸಣ್ಣ ಕನ್ನಡಿ ಹಾಕಿ ನೋಡಿದಳು. ಹುಳುಕಿಲ್ಲ. ಕನ್ನಡಿಯ ಹಿಡಿಯಿಂದ ಒಂದೊಂದೇ ಹಲ್ಲನ್ನು ಮೆಲ್ಲಗೆ ತಟ್ಟಿದಳು. ಚಂದ್ರಣ್ಣ ಕಣ್ಣು ಸಹ ಮಿಟುಕಿಸಲಿಲ್ಲ. ಎಕ್ಸ್‌ರೇ ತೆಗೆದಳು. ಮೇಲಿನವು, ಕೆಳಗಿನವು, ಎಲ್ಲವೂ ಬೇರಿನ ತನಕ ಸ್ವಚ್ಛವಾಗಿದ್ದವು.

"ಫೋಟೋದಾಗ ಏನೂ ಇಲ್ಲ, ಕಾಕಾ."

"ಬಳ್ಳಾರ್ಯಾಗೂ ಇದನ್ನ ಅಂದ್ರು. ಸಿರುಗುಪ್ಪದ ಅಕ್ಕಿ ಮಿಲ್ಲಿನ್ಯಾಗ ನಾ ಭತ್ತ ನೋಡಾಂವ. ಅಲ್ಲಿ ಹಮಾಲರೆಲ್ಲಾ ನಗ್ತಾರ. ಚಂದ್ರಣ್ಣಗ ನೋವು ಹಲ್ಲಾಗಿಲ್ಲ, ತಲ್ಯಾಗೈತಿ ಅಂತ."

ಅವನ ದನಿ ಒಮ್ಮೆಗೇ ಸಣ್ಣದಾಯಿತು. ಇಕ್ಕಳ ತಗೀರಿ ಎಂದು ಅಬ್ಬರಿಸಿದವನು ಇವನೇನಾ ಅನ್ನಿಸಿತು ಹುಮೇರಾಳಿಗೆ. ಬೇರೆಯವರಿಗೆ ಕಾಣದ್ದನ್ನು ಅನುಭವಿಸುವವರ ಕಷ್ಟ ಅವಳಿಗೆ ಗೊತ್ತಿಲ್ಲದ್ದಲ್ಲ. ತನ್ನ ಕುರ್ಚಿಯನ್ನು ಇನ್ನಷ್ಟು ಹತ್ತಿರಕ್ಕೆ ಎಳೆದುಕೊಂಡಳು.

"ಯಾವಾಗ ಬರ್ತೈತಿ, ಹೇಳ್ರಿ. ಕಚ್ಚಿದಾಗೇನು?"

ಚಂದ್ರಣ್ಣ ದವಡೆಯನ್ನು ಅತ್ತಿತ್ತ ಆಡಿಸಿ ನೆನಪು ಮಾಡಿಕೊಂಡ. "ಕಚ್ಚಿದಾಗಲ್ಲ. ಕಚ್ಚಿ… ಬಿಡ್ತೀವಲ್ಲ? ಬಿಟ್ಟಾಗ. ಛಳಕ್ ಅಂತೈತಿ, ಕಣ್ಣಾಗ ಮಿಂಚು ಹೊಡೀತೈತಿ. ಆಮ್ಯಾಲ ಏನೂ ಆಗಿಲ್ಲ ಅನ್ನಂಗ."

ಬಿಟ್ಟಾಗ!

ಹುಮೇರಾಳ ಎದೆಯೊಳಗೆ ಯಾರೋ ಬಾಗಿಲು ಬಡಿದಂತಾಯಿತು. ಕಾಲೇಜಿನ ಕೊನೆಯ ವರ್ಷದಲ್ಲಿ ಮೇಷ್ಟ್ರು ಒಂದು ಮಧ್ಯಾಹ್ನ ಇದನ್ನೇ ಪಾಠ ಮಾಡಿದ್ದರು. ಅರ್ಧ ತರಗತಿ ನಿದ್ದೆಯಲ್ಲಿತ್ತು, ಅವಳು ಎಚ್ಚರವಿದ್ದಳು. ಹಲ್ಲಿನೊಳಗೆ ಕೂದಲಿಗಿಂತ ಸಣ್ಣ ಬಿರುಕು ಬಿಟ್ಟಿದ್ದರೆ, ಕಚ್ಚಿದಾಗ ಎರಡು ಹೋಳು ಚೂರೇ ಚೂರು ಅಗಲುತ್ತವೆ. ಬಿಟ್ಟಾಗ ಫಟ್ಟನೆ ಕೂಡುತ್ತವೆ. ಆ ಕೂಡುವ ಹೊಡೆತಕ್ಕೆ ಹಲ್ಲಿನ ಒಳಗಿನ ತೇವ ಅಲುಗಿ ನರಕ್ಕೆ ಬಡಿಯುತ್ತದೆ. ಬಿರುಕು ಹಿಂದಿನಿಂದ ಮುಂದಕ್ಕೆ ಓಡಿದ್ದರಂತೂ ಎಕ್ಸ್‌ರೇಗೆ ಕಾಣುವುದೇ ಇಲ್ಲ. ಓದಿದ್ದಳು, ಪರೀಕ್ಷೆಯಲ್ಲಿ ಬರೆದಿದ್ದಳು, ಆದರೆ ಒಮ್ಮೆಯೂ ಕಂಡಿರಲಿಲ್ಲ.

ಹತ್ತಿಯ ಸುರುಳಿಯನ್ನು ಹಲ್ಲುಗಳ ನಡುವೆ ಇಟ್ಟಳು. "ಕಚ್ರಿ. ಬಿಡ್ರಿ."

"ಏನಿಲ್ಲ."

"ಇನ್ನೊಮ್ಮೆ. ಜೋರು."

"ಏನೂ ಇಲ್ಲ ಅಂದ್ನಲ್ಲ. ನಿಮ್ಮ ಮುಂದ ಬರಂಗಿಲ್ಲ ಅದು, ಕಳ್ಳ ಐತಿ. ಕೀಳ್ರಿ, ಮುಗೀಲಿ."

"ಕೀಳಂಗಿಲ್ಲ," ಅಂದಳು ಹುಮೇರಾ.

ದನಿ ಎಷ್ಟು ಸಣ್ಣದಿತ್ತೆಂದರೆ ಉಚ್ಚೆಂಗೆಮ್ಮ ಸ್ಟೂಲಿನಿಂದ ಮುಂದಕ್ಕೆ ಬಾಗಿದಳು. "ಏನಂದ್ಯವ್ವಾ?"

"ಕೀಳಂಗಿಲ್ಲ. ಯಾವ ಹಲ್ಲು ಅಂತ ಗೊತ್ತಾಗೋ ತನಕ ನಾ ಕೀಳಂಗಿಲ್ಲ, ಕಾಕಾ. ಒಂದು ಗಟ್ಟಿ ಹಲ್ಲು ಸುಮ್ಮನ ಹೋಗಿರಬೌದು. ಇನ್ನೊಂದು ಬ್ಯಾಡ."

ಚಂದ್ರಣ್ಣ ಕುರ್ಚಿಯಿಂದ ಧಡಕ್ಕನೆ ಎದ್ದ. "ಹಂಗಾರ ಸೋಮವಾರ ಬಳ್ಳಾರಿಗೆ ಹೊಕ್ಕೀನಿ. ಅಲ್ಲಿ ಬೇರೆ ಯಾರಾರ ಸಿಗ್ತಾರ. ಕೀಳು ಅಂದ್ರ ಕೀಳೋರು." ಬಾಗಿಲ ಪರದೆ ಅವನ ಹಿಂದೆ ಬಹಳ ಹೊತ್ತು ತೂಗಾಡಿತು.

ಆಮೇಲೆ ಕುರ್ಚಿ ಒರೆಸಲು ಹೋದಾಗ ಹುಮೇರಾಳಿಗೆ ಸೀಟಿನ ಸಂದಿಯಲ್ಲಿ ನಾಲ್ಕಾರು ಭತ್ತದ ಕಾಳು ಸಿಕ್ಕವು. ಜೇಬು ಉಬ್ಬಿದ್ದು ಇದಕ್ಕೇ! ಒಂದನ್ನು ಬೆರಳ ತುದಿಯಲ್ಲಿ ಹಿಡಿದು ನೋಡಿದಳು. ಭತ್ತ ನೋಡಾಂವ, ಅಂದಿದ್ದ. ಹೇಗೆ ನೋಡುತ್ತಾರೆ? ಕಣ್ಣಿಂದಲೋ, ಕೈಯಿಂದಲೋ? ಚಿಕ್ಕವಳಿದ್ದಾಗ ಅಬ್ಬಾನ ಜೊತೆ ಅಕ್ಕಿ ತರಲು ಹೋದಾಗ ಕಂಡದ್ದು ನೆನಪಾಯಿತು. ವ್ಯಾಪಾರಿ ಕಾಳನ್ನು ಬಾಯಿಗೆ ಹಾಕಿ, ಕಟ್ ಎನಿಸಿ, ಪಕ್ಕಕ್ಕೆ ಉಗುಳುತ್ತಿದ್ದ.

ಕಾಳನ್ನು ತೊಳೆದು ತಾನೇ ದವಡೆಗೆ ಇಟ್ಟು ಕಚ್ಚಿದಳು. ಕಟ್! ಇಡೀ ದವಡೆಯ ಬಲ ಸಾಸಿವೆಯಷ್ಟು ಜಾಗದಲ್ಲಿ ಬಂದು ನಿಂತಿತು.

"ಹತ್ತಿ!" ಅಂದಳು ಖಾಲಿ ಕೋಣೆಗೆ. "ಹತ್ತಿ ಇಟ್ಟೆನಲ್ಲ, ಹುಚ್ಚಿ!" ಮೆತ್ತಗಿನ ಹತ್ತಿ ಬಲವನ್ನು ಎಲ್ಲ ಹಲ್ಲಿಗೂ ಹಂಚಿಬಿಡುತ್ತದೆ. ಕಳ್ಳನನ್ನು ಹಿಡಿಯಬೇಕಾದರೆ ಒಂದೊಂದು ಹಲ್ಲಿನ ಒಂದೊಂದು ಮೊನೆಗೂ ಬೇರೆ ಬೇರೆಯಾಗಿ ಒತ್ತು ಬೀಳಬೇಕು. ಅದಕ್ಕೆಂದೇ ಒಂದು ಉಪಕರಣವಿದೆ, ಅವಳ ಬಳಿ ಇರಲಿಲ್ಲ. ಆದರೆ ಭತ್ತವಿತ್ತು.

ದವಾಖಾನೆಯ ಚೀಟಿಯಲ್ಲಿ ಚಂದ್ರಣ್ಣ ಬರೆಸಿದ್ದ ನಂಬರಿಗೆ ಫೋನು ಮಾಡಿದರೆ ಎತ್ತಿದ್ದು ಉಚ್ಚೆಂಗೆಮ್ಮ. ವಿಷಯ ಕೇಳಿ ದನಿ ತಗ್ಗಿಸಿದಳು. "ನಾಳೆ ಸಿರುಗುಪ್ಪದಾಗ ಮಿಲ್ಲಿನ ಕಣದಾಗ ಇರ್ತಾರ. ಬರ್ತೀಯೇನವ್ವಾ? ಬಾ ನನ ತಾಯಿ. ನಾನೂ ಅಲ್ಲೇ ಇರ್ತೀನಿ. ಅವರಿಗೆ ಮಾತ್ರ ಹೇಳಂಗಿಲ್ಲ, ಹೇಳಿದ್ರ ರಾರಾವಿ ಹೊಳಿ ದಾಟಿ ಓಡ್ತಾರ."

ಭಾನುವಾರ ಬೆಳಿಗ್ಗೆ ಬಳ್ಳಾರಿಯ ಕೌಲ್‌ಬಜಾರಿನ ಮನೆಯಲ್ಲಿ ಹುಮೇರಾ ನಿಂತೇ ಚಹಾ ಕುಡಿದದ್ದನ್ನು ತಾಯಿ ಹುಸೇನ್ ಬೀ ಗಮನಿಸಿದಳು. ಮದುವೆ ಮನೆಗಳಿಗೆ ಕರೆದರೂ ತಲೆನೋವು ಎಂದು ಮಲಗುವ ಹುಡುಗಿ, ಇವತ್ತು ಬ್ಯಾಗಿಗೆ ಕೈಗವಸು, ಕನ್ನಡಿ, ಪೆನ್ನಿನಂಥ ಸಣ್ಣ ಟಾರ್ಚು ತುಂಬುತ್ತಿದ್ದಳು.

"ಎಲ್ಲಿಗೆ?"

"ಸಿರುಗುಪ್ಪಕ್ಕ, ಅಮ್ಮೀ. ಒಂದು ಹಲ್ಲು ನೋಡಾಕ."

"ಹಲ್ಲು ನಿನ್ನ ಹತ್ರ ಬರಬೇಕು ಬೇಟಿ. ನೀನೇ ಹಲ್ಲಿನ ಹಿಂದ ಬಸ್ ಹತ್ತಿ ಹೋಗೋದು ಎಲ್ಲಿ ಐತಿ?" ಹುಸೇನ್ ಬೀ ಮಗಳ ಮುಖ ಹಿಡಿದು ಬೆಳಕಿಗೆ ತಿರುಗಿಸಿದಳು. "ಕಣ್ಣು ನೋಡು! ಈದ್ ಹಬ್ಬದ ಚಂದ್ರ ಕಂಡಂಗ."

ಬಸ್ಸು ತೆಕ್ಕಲಕೋಟೆ ದಾಟುವ ಹೊತ್ತಿಗೆ ಧೈರ್ಯ ಅರ್ಧ ಇಳಿದುಹೋಗಿತ್ತು. ಏನಂತ ಹೇಳುವುದು? ನಾಲ್ಕು ಜನರ ಮುಂದೆ ಹೇಗೆ ನಿಲ್ಲುವುದು? ವಾಪಸು ಹೋಗುವ ಬಸ್ಸೊಂದು ಎದುರಿಗೆ ಹಾದುಹೋದಾಗ ಆಸೆಯಿಂದ ನೋಡಿದಳು. ಆದರೆ ಸೋಮವಾರ ಅವನು ಬಳ್ಳಾರಿಗೆ ಹೋಗುತ್ತಾನೆ. ಯಾರಾದರೂ ಕೀಳುತ್ತಾರೆ. ಮತ್ತೂ ಅದೇ ಜಾಗದಲ್ಲಿ ಛಳಕ್ ಅನ್ನುತ್ತದೆ. ಆಮೇಲೆ ಇನ್ನೊಂದು ಹಲ್ಲು, ಆಮೇಲೆ ಮತ್ತೊಂದು. ಇಷ್ಟರಲ್ಲಿ ನಿಜವಾದ ಹಲ್ಲಿನ ಬಿರುಕು ಬೇರಿಗೆ ಇಳಿದಿರುತ್ತದೆ. ಬ್ಯಾಗನ್ನು ಎದೆಗೆ ಒತ್ತಿ ಹಿಡಿದು ಕೂತಳು.

ಮಿಲ್ಲಿನ ಕಣದ ತುಂಬ ಸೋನಾ ಭತ್ತ ಹರಡಿತ್ತು, ನವೆಂಬರಿನ ಬಿಸಿಲಿಗೆ ಕಣ್ಣು ಕುಕ್ಕುವ ಹಳದಿ. ನಡುವೆ ಬರಿಗಾಲಲ್ಲಿ ಚಂದ್ರಣ್ಣ ನಡೆಯುತ್ತಿದ್ದ. ದವಾಖಾನೆಯಲ್ಲಿ ಕಂಡ ಚಂದ್ರಣ್ಣನೇ ಬೇರೆ, ಇಲ್ಲಿಯವನೇ ಬೇರೆ. ಬಾಗಿ ಒಂದು ಕಾಳು ಎತ್ತಿದ, ಬಾಯಿಗೆ ಹಾಕಿದ, ನಾಲಿಗೆಯಿಂದ ಎಡಕ್ಕೆ ದೂಡಿದ. ತಲೆ ವಾರೆ ಮಾಡಿ, ದೂರದ ಮಾತನ್ನು ಆಲಿಸುವವನಂತೆ ಕಚ್ಚಿದ. ಕಟ್. ಸುತ್ತ ನಿಂತ ಹಮಾಲರು ಅವನ ಮುಖವನ್ನೇ ನೋಡುತ್ತಿದ್ದರು.

"ಇನ್ನೊಂದು ಬಿಸಲು ಬೇಕು," ಅಂದು ಪಕ್ಕಕ್ಕೆ ತಿರುಗಿ ಉಗುಳಿದ.

ಉಗುಳಲು ತಿರುಗಿದ ಆ ಒಂದು ಕ್ಷಣದಲ್ಲಿ ಅವನ ಎಡಗಣ್ಣಿನ ರೆಪ್ಪೆ ಪಟಪಟ ಹೊಡೆದುಕೊಂಡಿತು. ಅದು ಹಮಾಲರಿಗೆ ಕಾಣಲಿಲ್ಲ, ಗೇಟಿನ ಬಳಿ ನಿಂತ ಹುಮೇರಾಳಿಗೆ ಕಂಡಿತು. ನೋವನ್ನು ಉಗುಳಿನೊಳಗೆ ಬಚ್ಚಿಡುತ್ತಿದ್ದಾನೆ!

"ಚಂದ್ರಣ್ಣ ಕಾಕಾ!"

ಕೂಗಿದ್ದು ಯಾರು ಎಂದು ಒಂದು ಗಳಿಗೆ ಅವಳಿಗೇ ತಿಳಿಯಲಿಲ್ಲ. ಕಣವೆಲ್ಲ ತಿರುಗಿ ನೋಡಿತು. ಚೀಲ ಹೊತ್ತಿದ್ದ ಗಾಳೆಪ್ಪ ಎನ್ನುವ ಹಮಾಲ ಹೊತ್ತಂತೆಯೇ ನಿಂತ.

"ಇಲ್ಲಿಗೂ ಬಂದ್ರ್ಯಾ, ಡಾಕ್ಟ್ರಮ್ಮ!" ಚಂದ್ರಣ್ಣನ ಮುಖ ಕೆಂಪಾಯಿತು. ಕಣದ ಅಂಚಿನಲ್ಲಿ ನಿಂತಿದ್ದ ಹೆಂಡತಿಯ ಕಡೆ ತಿರುಗಿದ. ಅವಳು ಆಕಾಶದಲ್ಲಿ ಹಕ್ಕಿ ಹುಡುಕುತ್ತಿದ್ದಳು.

"ಯಣ್ಣಾ, ದವಾಖಾನಿ ಬಿಲ್ಲು ಕೊಡದ ಓಡಿ ಬಂದೀಯೇನು?" ಅಂದ ಗಾಳೆಪ್ಪ. ನಗೆ ಎದ್ದಿತು.

"ನೀ ಚೀಲ ಇಳುಸಲೇ ಮೊದಲು!"

"ಇಳಿಸೀನಿ ನೋಡು. ಇದರ ಮ್ಯಾಲ ಕುಂದ್ರು. ಡಾಕ್ಟ್ರಮ್ಮ ಇಲ್ಲಿ ತನಕ ಬಂದಾರ, ಬಾಯಿ ತಗಿಯಾಕೂ ನಾಚಿಗಿ ಏನು ನಿನಗ?"

ಚಂದ್ರಣ್ಣ ಚೀಲದ ಮೇಲೆ ಕೂತ, ಬೇರೆ ದಾರಿ ಇರಲಿಲ್ಲ. ಹುಮೇರಾ ಕೈಗವಸು ಹಾಕಿಕೊಂಡಳು. ಕನ್ನಡಿ ಹಿಡಿದಳು. ಒಣಗಿದ ಕಾಳೊಂದನ್ನು ತೊಳೆದು, ಮೇಲಿನ ಹಲ್ಲಿನ ಮೊದಲ ಮೊನೆಗೆ ತಾಗಿಸಿ ಹಿಡಿದಳು.

"ಮೆಲ್ಲಕ ಒತ್ರಿ. ಒಡೀಬ್ಯಾಡ್ರಿ. ಈಗ ಬಿಡ್ರಿ."

ಇಲ್ಲ. ಎರಡನೆಯ ಮೊನೆ, ಇಲ್ಲ. ಮೇಲಿನ ಸಾಲು ಮುಗಿಯಿತು.

"ಅದು ಇವತ್ತೂ ಬರಂಗಿಲ್ಲ," ಅಂದ ಚಂದ್ರಣ್ಣ, ಗೆದ್ದವನಂತೆ.

"ಈಗ ಕೆಳಗಿನವು."

"ಕೆಳಗ ಯಾಕ? ನಾ ಹೇಳಿದ್ದು ಮ್ಯಾಲಿಂದು."

"ಗೊತ್ತೈತಿ. ಬಾಯಿ ತಗೀರಿ."

ಕೆಳಗಿನ ದವಡೆ ಹಲ್ಲಿನ ಹೊರ ಮೊನೆಗಳು ಸುಮ್ಮನಿದ್ದವು. ಒಳಬದಿಯ ಮುಂದಿನ ಮೊನೆಯೂ ಸುಮ್ಮನಿತ್ತು. ಉಳಿದದ್ದು ನಾಲಿಗೆಯ ಕಡೆಯ ಹಿಂದಿನ ಮೊನೆ. ಕಾಳನ್ನು ಅಲ್ಲಿಗೆ ಸರಿಸಿದಳು.

"ಒತ್ರಿ."

"ಹ್ಞೂಂ."

"ಬಿಡ್ರಿ."

"ಅಯ್ಯಯ್ಯಯ್ಯಪ್ಪೋ!"

ಚಂದ್ರಣ್ಣ ಚೀಲದಿಂದ ಚಿಮ್ಮಿದ. ಭತ್ತ ಮೇಯುತ್ತಿದ್ದ ಪಾರಿವಾಳಗಳೆಲ್ಲ ಬುರ್ರನೆ ಎದ್ದವು. ಹುಮೇರಾ ಎರಡೂ ಕೈ ಮೇಲೆತ್ತಿ "ಸಿಕ್ತು! ಸಿಕ್ತು!" ಎಂದು ಕುಣಿದೇಬಿಟ್ಟಳು. ಮನುಷ್ಯ ನೋವಿನಿಂದ ಒದ್ದಾಡುವಾಗ ವೈದ್ಯೆ ಹೀಗೆ ಕುಣಿಯಬಾರದು ಎಂಬುದು ಆಮೇಲೆ ನೆನಪಾಗಿ ಕೈ ಕೆಳಗಿಳಿಸಿದಳು.

"ಕೆಳಗಿಂದು," ಅಂದ ಚಂದ್ರಣ್ಣ ಕೆನ್ನೆ ಹಿಡಿದುಕೊಂಡು, ನಂಬಲಾಗದೆ. "ಆದ್ರ ನೋವು ಮ್ಯಾಲ ಬಂತಲ್ಲ ಡಾಕ್ಟ್ರಮ್ಮ?"

"ಮ್ಯಾಲಿನ ಹಲ್ಲಿನ ಸುದ್ದೀನೂ ಕೆಳಗಿನ ಹಲ್ಲಿನ ಸುದ್ದೀನೂ ತಲಿಗೆ ಒಂದೇ ದಾರ್ಯಾಗ ಹೋಗ್ತಾವ, ಕಾಕಾ. ಯಾವ ಮನಿಯಿಂದ ಬಂತು ಅಂತ ಒಮ್ಮೊಮ್ಮೆ ತಲಿಗೆ ಗೊತ್ತಾಗಂಗಿಲ್ಲ."

ಚಂದ್ರಣ್ಣನ ನಾಲಿಗೆ ಮೇಲಿನ ಖಾಲಿ ಸಂದಿಗೆ ಹೋಗಿ ನಿಂತಿತು. ಅದು ಕೆನ್ನೆಯ ಮೇಲಿಂದಲೇ ಕಾಣುತ್ತಿತ್ತು. ಗಾಳೆಪ್ಪ ತಲೆಯ ಮೇಲಿನ ಟವೆಲ್ ತೆಗೆದು ಹೆಗಲಿಗೆ ಹಾಕಿಕೊಂಡ. "ನಾವು ನಗಬಾರದಿತ್ತು ಬಿಡು, ಯಣ್ಣಾ," ಅಂದ.

"ಕತ್ತಲಿರೋ ಜಾಗ ಬೇಕು," ಅಂದಳು ಹುಮೇರಾ. "ಒಂದು ಸಲ ಕಣ್ಣಿಂದ ನೋಡ್ತೀನಿ."

ಗೋದಾಮಿನ ಬಾಗಿಲು ಮುಚ್ಚಿದಾಗ ಒಳಗೆ ಹೊಟ್ಟಿನ ವಾಸನೆ ಮತ್ತು ಉಚ್ಚೆಂಗೆಮ್ಮನೂ ಸೇರಿ ಮೂವರ ಉಸಿರು ಅಷ್ಟೇ ಉಳಿಯಿತು. ಹುಮೇರಾ ಟಾರ್ಚಿನ ತುದಿಯನ್ನು ಮೊದಲು ಪಕ್ಕದ ಗಟ್ಟಿ ಹಲ್ಲಿಗೆ ತಾಗಿಸಿದಳು. ಹಲ್ಲು ಪೂರ್ತಿ ಬೆಳಗಿತು, ಒಳಗೆ ದೀಪ ಇಟ್ಟ ಗೂಡಿನಂತೆ. ನೋಯುವ ಹಲ್ಲಿಗೆ ತಾಗಿಸಿದಳು. ಕೆನ್ನೆಯ ಕಡೆಯ ಅರ್ಧ ಬೆಳಗಿತು. ನಡುವೆ ಒಂದು ಗೆರೆಯ ಬಳಿ ಬೆಳಕು ಗಕ್ಕನೆ ನಿಂತುಬಿಟ್ಟಿತು. ಆಚೆಯ ಅರ್ಧ ಕತ್ತಲು.

ಪುಸ್ತಕದ ಚಿತ್ರದಲ್ಲಿ ಇದ್ದದ್ದು ಇಲ್ಲಿ ಬೆಚ್ಚಗೆ, ಜೀವಂತವಾಗಿ, ಬಾದನಹಟ್ಟಿಯ ಮನುಷ್ಯನ ಬಾಯಲ್ಲಿತ್ತು. ಎಷ್ಟು ತಿಂಗಳಿನಿಂದ ಯಾರೂ ನಂಬದ ಗೆರೆ! ಮೊಬೈಲಿನಲ್ಲಿ ಫೋಟೋ ಹಿಡಿದು ತೋರಿಸಿದಳು.

ಚಂದ್ರಣ್ಣ ಬಹಳ ಹೊತ್ತು ನೋಡಿದ. ಆಮೇಲೆ ಜೇಬಿಗೆ ಕೈ ಹಾಕಿ ಕಾಳುಗಳನ್ನು ತೆಗೆದು, ಉಗುರಿಂದ ಒಂದೊಂದನ್ನೇ ಸುಲಿದು, ಟಾರ್ಚಿನ ಮುಂದೆ ಹಿಡಿದು ಹುಡುಕಿದ. ಒಂದನ್ನು ಅವಳತ್ತ ಚಾಚಿದ. ಇಡೀ ಅಕ್ಕಿ ಕಾಳು, ನಡುವೆ ಅಡ್ಡಕ್ಕೆ ಒಂದು ಕಪ್ಪು ಗೆರೆ.

"ಬಿಸಲು ಹೊಡದಿದ್ದು," ಅಂದ. "ಗಡಬಡಿಲೆ ಒಣಗಿಸಿದ್ರ ಹೊಟ್ಟಿನೊಳಗ ಹಿಂಗ ಒಡೀತೈತಿ. ಹೊರಗ ಕಾಣಂಗಿಲ್ಲ. ಗಿರಣಿಗೆ ಹಾಕಿದ್ರ ನುಚ್ಚು." ಮತ್ತೆ ಫೋಟೋ ನೋಡಿದ. "ನನ್ನ ಹಲ್ಲೂ ನುಚ್ಚಾಗ್ತೈತೇನು?"

"ಹಿಂಗ ಬಿಟ್ರ ಆಗ್ತೈತಿ."

"ಅಕ್ಕಿಗೆ ಔಷಧ ಇಲ್ಲ ನೋಡ್ರಿ."

"ಹಲ್ಲಿಗೈತಿ," ಅಂದಳು ಹುಮೇರಾ. ಆಮೇಲೆ ನಿಜವನ್ನೂ ಹೇಳಬೇಕಾಯಿತು. "ಗೆರಿ ಬೇರಿಗೆ ಇಳಿದಿರಬಾರದು. ಇಳಿದಿದ್ರ ತಗೀಲೇಬೇಕು. ನಾಳೆ ಕುರುಗೋಡಿಗೆ ಬರ್ರಿ. ಬಳ್ಳಾರಿಗೆ ಬ್ಯಾಡ."

ಸೋಮವಾರ ಗಂಡ-ಹೆಂಡತಿ ದವಾಖಾನೆಯ ಬೀಗ ತೆಗೆಯುವ ಮೊದಲೇ ಮೆಟ್ಟಿಲ ಮೇಲೆ ಕೂತಿದ್ದರು. ಚಂದ್ರಣ್ಣ ತೀರ್ಪು ಕೊಡಲಿಲ್ಲ, ಸುಮ್ಮನೆ ಬಾಯಿ ತೆರೆದ. ಹುಮೇರಾ ತೆಳ್ಳಗಿನ ಅಳತೆ ಕಡ್ಡಿಯನ್ನು ಹಲ್ಲಿನ ಸುತ್ತ ವಸಡಿನ ಅಂಚಿನಲ್ಲಿ ಇಳಿಸುತ್ತ ಬಂದಳು. ಬಿರುಕು ಬೇರಿಗೆ ಇಳಿದಿದ್ದರೆ ಆ ಗೆರೆಯ ಬಳಿ ಕಡ್ಡಿ ಫಕ್ಕನೆ ಆಳಕ್ಕೆ ಜಾರುತ್ತದೆ. ಗೆರೆಯ ಹಿಂದಿನ ತುದಿ ಬಂತು. ಕಡ್ಡಿ ನಿಂತಿತು. ಮುಂದಿನ ತುದಿಯಲ್ಲೂ ನಿಂತಿತು. ಸುತ್ತ ಎಲ್ಲೂ ಜಾರಲಿಲ್ಲ. ತಣ್ಣನೆಯ ಹತ್ತಿ ತಾಗಿಸಿದಾಗ ಜುಂ ಅಂದು ಕೂಡಲೇ ಅಡಗಿತು. ನರ ಜೀವಂತವಾಗಿತ್ತು, ಕೆರಳಿರಲಿಲ್ಲ.

"ಗಾಡಿ ಗಾಲಿಗೆ ಕಬ್ಬಿಣದ ಪಟ್ಟಿ ಬಿಗೀತಾರಲ್ಲ, ಹಂಗ," ಎಂದು ಹೇಳಿ, ಉಗುರಿಗಿಂತ ಸಣ್ಣ ಉಕ್ಕಿನ ಪಟ್ಟಿಯೊಂದನ್ನು ಹಲ್ಲಿನ ಸುತ್ತ ಕೂರಿಸಿ, ಹಲ್ಲಿನ ಸಿಮೆಂಟು ಹಾಕಿ ಬಿಗಿದಳು. ಹೋಳುಗಳು ಅಗಲದಂತೆ ಪಟ್ಟಿ ಹಿಡಿದರೆ ನೋವು ನಿಲ್ಲಬೇಕು. ನಿಲ್ಲದಿದ್ದರೆ ಅವಳ ಲೆಕ್ಕವೆಲ್ಲ ತಪ್ಪು. ಸಿಮೆಂಟು ಗಟ್ಟಿಯಾಗುವ ತನಕ ಮೂವರೂ ಕಾದರು.

ಹುಮೇರಾ ಭತ್ತದ ಕಾಳೊಂದನ್ನು ಅದೇ ಮೊನೆಗೆ ಇಟ್ಟಳು. "ಇದು ನಿಮ್ಮ ಕಡೀ ಕಾಳು, ಕಾಕಾ. ಮೆಲ್ಲಕ ಒತ್ರಿ."

ಒತ್ತಿದ.

"ಬಿಡ್ರಿ."

ಬಿಡಲಿಲ್ಲ. ಕಣ್ಣು ಗಟ್ಟಿಯಾಗಿ ಮುಚ್ಚಿ, ಕುರ್ಚಿಯ ಕೈ ಹಿಡಿದು, ಒತ್ತಿದಂತೆಯೇ ಕೂತ.

"ಬಿಡ್ರಿ ಕಾಕಾ."

"ಉಹ್ಞೂಂ," ಎಂದು ಮೂಗಿನಲ್ಲೇ ಅಂದ.

"ಬಿಡ್ರೀ!" ಉಚ್ಚೆಂಗೆಮ್ಮ ಎದ್ದು ನಿಂತಳು. "ಎಷ್ಟೊತ್ತು ಹಿಡೀತೀರಿ? ಊರಿಗೆ ಹಂಗ ಕಚ್ಚಿಕೊಂಡ ಹೋಗಾಕ ಅದೇನು ಬುತ್ತಿ ಗಂಟೇನು?"

ನಗು ತಡೆಯಲಾಗದೆ ಚಂದ್ರಣ್ಣನ ಬಾಯಿ ತಾನಾಗಿ ತೆರೆದುಕೊಂಡಿತು.

ಏನೂ ಆಗಲಿಲ್ಲ.

ಅವನು ಒಂದು ಕಣ್ಣು ತೆರೆದ. ತಾನೇ ಮತ್ತೊಮ್ಮೆ ಒತ್ತಿ, ಬಿಟ್ಟ. ಇನ್ನೊಂದು ಕಣ್ಣೂ ತೆರೆಯಿತು. "ಇಲ್ಲ," ಅಂದ. "ಲೇ ಉಚ್ಚೆಂಗಿ, ಇಲ್ಲಲೇ! ಮಿಂಚು ಇಲ್ಲ!" ಉಚ್ಚೆಂಗೆಮ್ಮ ಹುಮೇರಾಳ ಕೆನ್ನೆಯಿಂದ ದೃಷ್ಟಿ ನಿವಾಳಿಸಿ ಬೆರಳು ಲಟಲಟ ಮುರಿದಳು. ಹುಮೇರಾ ಮುಖಗವಸನ್ನು ಇಳಿಸಿ, ಹಲ್ಲೆಲ್ಲ ಕಾಣುವಂತೆ ನಕ್ಕಳು.

ಪಟ್ಟಿ ಹಾಕಿದ ಮೇಲೆ ಕೆಲವು ವಾರ ಕಳೆದವು. ನೋವು ತಿರುಗಿ ಬರಲಿಲ್ಲ. ಬಳ್ಳಾರಿಯಲ್ಲಿ ಮಾಡಿಸಿದ ಕ್ಯಾಪ್ ಬಂತು, ಹಲ್ಲನ್ನು ಪೂರ್ತಿ ಮುಚ್ಚಿ ಹಿಡಿಯುವಂಥದ್ದು. ಅದನ್ನು ಕೂರಿಸಿದ ದಿನ ಹುಮೇರಾ ಒಂದು ಮಾತು ಹೇಳಿದಳು. "ಬಿರುಕು ಹೋಗಿಲ್ಲ, ಕಾಕಾ. ಒಳಗೇ ಐತಿ, ಕಟ್ಟಿ ಹಾಕೀವಿ ಅಷ್ಟ. ಹಲ್ಲು ಒಡದಿದ್ದೇ ಭತ್ತದಿಂದ. ಇನ್ನು ಮ್ಯಾಲ ಹಲ್ಲಾಗ ಭತ್ತ ನೋಡಂಗಿಲ್ಲ."

"ಬಲಗಡೆ?"

"ಇಲ್ಲ."

"ಮುಂದಿನ ಹಲ್ಲಾಗ, ಮೆಲ್ಲಕ?"

"ಇಲ್ಲ ಅಂದ್ನಲ್ಲ!"

ಚಂದ್ರಣ್ಣ ಜೇಬು ಮುಟ್ಟಿಕೊಂಡು ಕೂತ. ಹಲ್ಲು ಉಳಿದಿತ್ತು, ಹಲ್ಲಿನ ಕೆಲಸ ಹೋಗಿತ್ತು. ಹುಮೇರಾಳಿಗೆ ಸಂಕಟವಾಯಿತು, ಆದರೆ ಮಾತು ಹಿಂತೆಗೆದುಕೊಳ್ಳಲಿಲ್ಲ. ಅತ್ತ ಉಚ್ಚೆಂಗೆಮ್ಮ ಚೀಲ ಬಿಚ್ಚಿ, ಅಡಕೊತ್ತಿನ ಬಾಯಿಗೆ ಅಡಿಕೆ ಇಟ್ಟು ಒತ್ತಿದಳು. ಕಟ್.

ಚಂದ್ರಣ್ಣನ ತಲೆ ತಾನಾಗಿ ವಾರೆಯಾಯಿತು.

"ತಾ ಇಲ್ಲಿ," ಎಂದು ಅಡಕೊತ್ತನ್ನು ಕಸಿದುಕೊಂಡ. ಅಡಿಕೆ ಕೆಡವಿ ಭತ್ತದ ಕಾಳು ಇಟ್ಟ, ಕಿವಿಯ ಹತ್ತಿರ ಹಿಡಿದು ಒತ್ತಿದ. ಕಣ್ಣು ಮುಚ್ಚಿ ಆಲಿಸಿದ. ಇನ್ನೊಂದು ಕಾಳು. ಮತ್ತೊಂದು. "ಇದು ಹಸಿ… ಇದು ಒಣಗೈತಿ… ಇದು ಬಿಸಲು ಹೊಡದಿದ್ದು, ದನಿ ನೋಡ್ರಿ!" ಅವನ ಮುಖ ಅಗಲವಾಗುತ್ತ ಹೋಯಿತು. "ಡಾಕ್ಟ್ರಮ್ಮ, ಇಷ್ಟು ದಿನ ಭತ್ತ ನೋಡಿದ್ದು ಹಲ್ಲಲ್ಲ, ಕಿವಿ!"

"ನನ್ನ ಅಡಕೊತ್ತು ಕೊಡ್ರಿ ಇಲ್ಲಿ!"

"ಕೊಡಂಗಿಲ್ಲ. ಇದು ಮಿಲ್ಲಿಗೆ ಹೊಕ್ಕೈತಿ."

"ಹಂಗಾರ ನಾನು ಅಡಕಿ ಹಲ್ಲಾಗ ಒಡೀಲೇನು?" ಎಂದು ಉಚ್ಚೆಂಗೆಮ್ಮ ಇಡೀ ಅಡಿಕೆಯನ್ನು ಬಾಯಿಗೆ ಎತ್ತಿದಳು.

"ಬ್ಯಾಡಾ!"

ಮಾತಾಡದ ಡಾಕ್ಟ್ರಮ್ಮನ ಆ ಕೂಗಿಗೆ ಹೊರಗೆ ಸರದಿಯಲ್ಲಿ ಕೂತಿದ್ದವರೆಲ್ಲ ಎದ್ದು, ಪರದೆ ಸರಿಸಿ ಒಳಗೆ ಇಣುಕಿದರು.